ಹಳೆಯ ಜೀಪಿಗೆ ಬೇರೆ ಎಂಜಿನ್: ಗೇರ್ ಬಾಕ್ಸ್ ಹೊಂದುವುದೇ?

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಹಳೆಯ ಜೀಪಿಗೆ ಇಂದಿಗೂ ಕೆಲಸ ತಪ್ಪಿಲ್ಲ. ಗೊಬ್ಬರದ ಚೀಲ, ಸುಣ್ಣ, ಬೋರ್ಡೋ ದ್ರಾವಣದ ಡ್ರಮ್ಮು, ಕೊಯ್ದ ಕಾಫಿ ಹಣ್ಣು, ಅಡಿಕೆ ಗೊನೆ, ಇವುಗಳ ಜೊತೆಗೆ ಕೆಲಸದವರು, ಹೀಗೆ ಎಲ್ಲವನ್ನೂ ಅದು ಕೊರಕಲು ದಾರಿಯಲ್ಲಿ ಹೊತ್ತು ತರುತ್ತದೆ. ಸೈನ್ಯದ ದಾಖಲೆಗಳಲ್ಲಿ ಜೀಪಿಗೆ ಕೊಟ್ಟ ಹೆಸರೇ ‘ಕಾಲು ಟನ್ನಿನ ಟ್ರಕ್’ ಎಂದು. ನಮ್ಮ ತೋಟಗಳಲ್ಲಿ ಅದು ಆ ಹೆಸರಿಗೆ ತಕ್ಕಂತೆಯೇ ದುಡಿಯುತ್ತಿದೆ.

ಇಂತಹ ಜೀಪಿನ ಪೆಟ್ರೋಲ್ ಎಂಜಿನ್ ಸವೆದಾಗ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ಎಂಜಿನ್ ಕೊಳ್ಳುವಾಗ ಬೆಳೆಗಾರರು ನಾಲ್ಕು ಕಡೆ ವಿಚಾರಿಸುತ್ತಾರೆ, ಬೆಲೆ ಚೌಕಾಶಿ ಮಾಡುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ. ಆದರೆ ಆ ಎಂಜಿನ್ ತಮ್ಮ ಜೀಪಿನ ಗೇರ್ ಬಾಕ್ಸಿಗೆ ಹೊಂದುವುದೇ ಎಂದು ಕೇಳುವವರು ಕಡಿಮೆ. ‘ನಡುವೆ ಒಂದು ಪ್ಲೇಟ್ ಹಾಕಿ ಕೂರಿಸಿಬಿಟ್ಟರಾಯಿತು’ ಎಂಬ ಮಾತಿನಲ್ಲಿ ಆ ಪ್ರಶ್ನೆ ಮುಗಿದುಹೋಗುತ್ತದೆ.

ಬೋಲ್ಟು ಬಿಗಿದ ಮಾತ್ರಕ್ಕೆ ಹೊಂದಾಣಿಕೆಯಾಯಿತು ಎನ್ನುವಂತಿಲ್ಲ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮೂರು ವಿಷಯಗಳಲ್ಲಿ ಹೊಂದಬೇಕು. ಮೊದಲನೆಯದು ವೇಗ, ಎರಡನೆಯದು ಬಲ, ಮೂರನೆಯದು ನಡು. ಬಲ ಮತ್ತು ನಡು ತಪ್ಪಿದರೆ ಮುಖ್ಯವಾಗಿ ಹಣ ಹೋಗುತ್ತದೆ. ವೇಗದ ಲೆಕ್ಕ ತಪ್ಪಿದರೆ ಘಟ್ಟ ಇಳಿಯುವಾಗ ಜೀವಕ್ಕೇ ಅಪಾಯ. ಆದ್ದರಿಂದ ಈ ಪಾಠವನ್ನು ವೇಗದಿಂದಲೇ ಆರಂಭಿಸುತ್ತೇವೆ.

ಮೂಲ ಜೀಪಿನ ಲೆಕ್ಕ

ನಮ್ಮಲ್ಲಿ ಹೆಚ್ಚಾಗಿ ಕಾಣುವ ಹಳೆಯ ಜೀಪು ವಿಲ್ಲೀಸ್ ವಿನ್ಯಾಸದ ಸಿ.ಜೆ.-3ಬಿ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ‘ಹರಿಕೇನ್’ ಪೆಟ್ರೋಲ್ ಎಂಜಿನ್ ಸುಮಾರು 2200 ಸಿ.ಸಿ. ಗಾತ್ರದ್ದು. ಗರಿಷ್ಠ ಶಕ್ತಿ ನಿಮಿಷಕ್ಕೆ 4000 ಸುತ್ತಿನಲ್ಲಿ, ಗರಿಷ್ಠ ತಿರುಗುಬಲ 2000 ಸುತ್ತಿನಲ್ಲಿ ದೊರೆಯುತ್ತದೆ. ತಿರುಗುಬಲವೆಂದರೆ ಮೆಕ್ಯಾನಿಕರು ಟಾರ್ಕ್ ಎನ್ನುವುದು. ಈ ಎಂಜಿನ್ನಿನಲ್ಲಿ ಅದು ಸುಮಾರು 15.8 ಕಿಲೋಗ್ರಾಂ-ಮೀಟರ್.

ಇದರ ಹಿಂದಿರುವುದು ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ. ಒಂದನೇ ಗೇರಿನಲ್ಲಿ ಎಂಜಿನ್ 2.798 ಸುತ್ತು ತಿರುಗಿದರೆ ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಎರಡನೇ ಗೇರಿನಲ್ಲಿ ಈ ಅನುಪಾತ 1.551, ಮೂರನೆಯದರಲ್ಲಿ ನೇರ, ಅಂದರೆ 1. ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್ ಇದೆ. ಅದನ್ನು ಲೋ ಮಾಡಿದಾಗ ಇನ್ನೊಂದು 2.46 ಪಟ್ಟು ಇಳಿತ ಸೇರುತ್ತದೆ. ಕೊನೆಗೆ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ 5.38 ಪಟ್ಟು ಇಳಿಸುತ್ತವೆ. 6.00-16 ಅಳತೆಯ ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ.

ನಿಮ್ಮ ಜೀಪಿನಲ್ಲಿ ಇವೇ ಅಂಕಿಗಳು ಇರಬೇಕೆಂದಿಲ್ಲ. ಹಿಂದೆ ಯಾರೋ ಡಿಫರೆನ್ಷಿಯಲ್ ಬದಲಿಸಿರಬಹುದು, ಟಯರು ಬೇರೆ ಇರಬಹುದು. ತಿಳಿಯುವ ಉಪಾಯ ಸುಲಭ. ಸಮತಟ್ಟಾದ ಕಣದಲ್ಲಿ ಜೀಪನ್ನು ನಿಲ್ಲಿಸಿ ನ್ಯೂಟ್ರಲ್ ಮಾಡಿ. ಹಿಂದಿನ ಚಕ್ರದ ಮೇಲೂ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಮೇಲೂ ಸುಣ್ಣದ ಗುರುತು ಹಾಕಿ. ಚಕ್ರ ಸರಿಯಾಗಿ ನಾಲ್ಕು ಸುತ್ತು ತಿರುಗುವಷ್ಟು ದೂರ ಜೀಪನ್ನು ನೇರವಾಗಿ ತಳ್ಳಿ. ಅಷ್ಟರಲ್ಲಿ ಶಾಫ್ಟ್ 21 ಸುತ್ತು ದಾಟಿ ಇನ್ನೂ ಅರ್ಧ ಸುತ್ತು ತಿರುಗಿದರೆ ನಿಮ್ಮದು 5.38. ಹತ್ತೊಂಬತ್ತೂವರೆ ಸುತ್ತು ಬಂದರೆ 4.88. ಚಲಿಸಿದ ದೂರವನ್ನು ಟೇಪಿನಿಂದ ಅಳೆದು ನಾಲ್ಕರಿಂದ ಭಾಗಿಸಿದರೆ ಟಯರಿನ ಅಳತೆಯೂ ಸಿಕ್ಕಿತು.

ವೇಗದ ಹೊಂದಾಣಿಕೆ

ಹೊಸದಾಗಿ ಕೂರಿಸುವ ಎಂಜಿನ್ ಎಷ್ಟು ಸುತ್ತಿನವರೆಗೆ ಹೋಗಬಲ್ಲದು ಎಂಬುದು ಮೊದಲ ಪ್ರಶ್ನೆ. ಡೀಸೆಲ್ ಎಂಜಿನ್ ಅಂದರೆ ಎಲ್ಲವೂ ಒಂದೇ ಅಲ್ಲ. 1980ರ ದಶಕದಲ್ಲಿ ಮಹೀಂದ್ರ ಕಾರ್ಖಾನೆಯೇ ಜೀಪಿಗೆ ಕೂರಿಸಿದ ಪ್ಯೂಜೊ ವಿನ್ಯಾಸದ 2112 ಸಿ.ಸಿ. ಎಂಜಿನ್ ನಾಲ್ಕು ಸಾವಿರ ಸುತ್ತು ದಾಟಬಲ್ಲ ವೇಗದ ಡೀಸೆಲ್. ಟ್ರ್ಯಾಕ್ಟರ್, ಪಂಪ್‌ಸೆಟ್ ಅಥವಾ ಹಳೆಯ ಲಾರಿಯ ವಂಶದ ಎಂಜಿನ್‌ಗಳು ನಿಧಾನದವು. ಅವುಗಳಲ್ಲಿ ಹಲವು 2400 ಸುತ್ತಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಎಂಜಿನ್ನಿನ ತಗಡು ಫಲಕದಲ್ಲಿ ಅಥವಾ ಕೈಪಿಡಿಯಲ್ಲಿ ಈ ಅಂಕಿ ಇರುತ್ತದೆ. ಅದನ್ನು ನೋಡದೆ ಮುಂಗಡ ಕೊಡಬೇಡಿ.

ಲೆಕ್ಕದ ಕ್ರಮ ಹೀಗಿದೆ. ಎಂಜಿನ್ನಿನ ಸುತ್ತನ್ನು ಗೇರ್, ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್ ಇವುಗಳ ಅನುಪಾತದ ಗುಣಲಬ್ಧದಿಂದ ಭಾಗಿಸಿ. ಬಂದದ್ದನ್ನು ಟಯರಿನ ಮೀಟರ್ ಅಳತೆಯಿಂದ ಗುಣಿಸಿ, ಮತ್ತೆ 0.06ರಿಂದ ಗುಣಿಸಿ. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ಮೇಲಿನ ಜೀಪಿಗೆ, ಟ್ರಾನ್ಸ್‌ಫರ್ ಕೇಸ್ ಹೈ ಇರುವಾಗ, ಪ್ರತಿ ಗೇರಿನ ಗರಿಷ್ಠ ವೇಗ ಇಷ್ಟು:

ಒಂದನೇ ಗೇರ್: 4000 ಸುತ್ತಿನ ಎಂಜಿನ್ನಿಗೆ 35 ಕಿ.ಮೀ.; 3000 ಸುತ್ತಿನದಕ್ಕೆ 26; 2400 ಸುತ್ತಿನದಕ್ಕೆ 21.
ಎರಡನೇ ಗೇರ್: 4000ಕ್ಕೆ 63 ಕಿ.ಮೀ.; 3000ಕ್ಕೆ 47; 2400ಕ್ಕೆ 38.
ಮೂರನೇ ಗೇರ್: 4000ಕ್ಕೆ 98 ಕಿ.ಮೀ.; 3000ಕ್ಕೆ 74; 2400ಕ್ಕೆ 59.

ಈ ಪಟ್ಟಿಯ ಕೊನೆಯ ಸಾಲನ್ನು ನೋಡಿ, ‘ನಮಗೆ 59 ಕಿ.ಮೀ. ಸಾಕು, ತೋಟದ ಕೆಲಸಕ್ಕೆ ಓಟ ಯಾಕೆ?’ ಎಂದು ಹೇಳುವವರಿದ್ದಾರೆ. ಅದು ಸರಿಯಾದ ಮಾತೇ. ಆದರೆ ತೊಂದರೆ ಇರುವುದು ಕೊನೆಯ ಸಾಲಿನಲ್ಲಲ್ಲ, ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವ ಮೆಟ್ಟಿಲಿನಲ್ಲಿ.

ಮೂರು ಗೇರಿನ ಪೆಟ್ಟಿಗೆಯಲ್ಲಿ ಮೆಟ್ಟಿಲುಗಳು ಎತ್ತರ. 2.798ನ್ನು 1.551ರಿಂದ ಭಾಗಿಸಿದರೆ 1.8 ಬರುತ್ತದೆ. ಅಂದರೆ ಒಂದರಿಂದ ಎರಡಕ್ಕೆ ಹಾಕಿದಾಗ ಎಂಜಿನ್ನಿನ ಸುತ್ತು 1.8 ಪಟ್ಟು ಕೆಳಗೆ ಬೀಳುತ್ತದೆ. ಪೆಟ್ರೋಲ್ ಎಂಜಿನ್ 3600 ಸುತ್ತಿನಿಂದ 2000ಕ್ಕೆ ಬೀಳುತ್ತದೆ. ಅದರ ಎಳೆತ ಅತಿ ಹೆಚ್ಚು ಇರುವುದು ಸರಿಯಾಗಿ ಅಲ್ಲೇ. ಈ ಗೇರ್ ಬಾಕ್ಸನ್ನು ಆ ಎಂಜಿನ್ನಿಗೆಂದೇ ಲೆಕ್ಕ ಹಾಕಿ ಕೂರಿಸಿದ್ದರು. 2400 ಸುತ್ತಿನ ಎಂಜಿನ್ ಅದೇ ಮೆಟ್ಟಿಲಲ್ಲಿ 1330ಕ್ಕೆ ಬೀಳುತ್ತದೆ. ಸಮತಟ್ಟಿನಲ್ಲಿ ಇದೂ ನಡೆಯುತ್ತದೆ. ಏರಿನಲ್ಲಿ ಕ್ಲಚ್ ಒತ್ತಿ ಗೇರ್ ಬದಲಿಸುವ ಒಂದೆರಡು ಸೆಕೆಂಡಿನಲ್ಲಿ ಜೀಪಿನ ವೇಗವೇ ಕುಗ್ಗಿರುತ್ತದೆ. ಆಗ ಸುತ್ತು ಸಾವಿರದ ಹತ್ತಿರಕ್ಕೆ ಇಳಿದು ಎಂಜಿನ್ ಗುದ್ದಲು ಶುರು ಮಾಡುತ್ತದೆ. ಚಾಲಕ ಮತ್ತೆ ಒಂದನೇ ಗೇರಿಗೆ ಬರಬೇಕು. ಟಿ-90 ಪೆಟ್ಟಿಗೆಯಲ್ಲಿ ಎರಡು ಮತ್ತು ಮೂರಕ್ಕೆ ಮಾತ್ರ ಸಿಂಕ್ರೊಮೆಶ್ ಇದೆ, ಒಂದಕ್ಕೆ ಇಲ್ಲ. ಚಲಿಸುವಾಗ ಒಂದಕ್ಕೆ ಹಾಕಿದರೆ ಹಲ್ಲಿಗೆ ಹಲ್ಲು ಕಡಿಯುತ್ತದೆ. ಹೀಗೆ ದಿನಕ್ಕೆ ಹತ್ತು ಸಲ ಕಡಿದ ಗೇರು ಎಷ್ಟು ಕಾಲ ಬಾಳೀತು?

‘ಗೇರ್ ಬಾಕ್ಸ್ ಹಳೆಯದಾಗಿತ್ತು, ಹಲ್ಲು ಹೋಯಿತು’ ಎಂಬ ದೂರನ್ನು ಕೇಳಿದಾಗಲೆಲ್ಲ ಈ ಮೆಟ್ಟಿಲಿನ ಲೆಕ್ಕವನ್ನು ನೆನೆಯಬೇಕು. ಹಲ್ಲು ಮುರಿದದ್ದಕ್ಕೆ ವಯಸ್ಸು ಅರ್ಧ ಕಾರಣ, ಹೊಂದದ ಎಂಜಿನ್ ಇನ್ನರ್ಧ.

ಸುತ್ತು ಕಡಿಮೆಯಾಯಿತೆಂದು ಗವರ್ನರಿನ ಸ್ಕ್ರೂ ತಿರುಗಿಸಿ ಎಂಜಿನ್ನನ್ನು ಹೆಚ್ಚು ಓಡಿಸುವವರೂ ಇದ್ದಾರೆ. ಇದನ್ನು ಖಂಡಿತ ಮಾಡಿಸಬೇಡಿ. ಭಾರದ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳು ಆ ವೇಗಕ್ಕೆ ಮಾಡಿದವಲ್ಲ. ಸ್ಕ್ರೂವಿಗೆ ಸೀಲು ಹಾಕಿರುವುದು ಆ ಕಾರಣಕ್ಕೇ.

ಇಳಿಜಾರಿನ ಎಚ್ಚರಿಕೆ

ಈ ಭಾಗವನ್ನು ಜೀಪು ಓಡಿಸುವ ಪ್ರತಿಯೊಬ್ಬರಿಗೂ ಓದಿ ಹೇಳಬೇಕೆಂದು ಸದಸ್ಯರಲ್ಲಿ ಕೇಳಿಕೊಳ್ಳುತ್ತೇವೆ.

ಪೆಟ್ರೋಲ್ ಜೀಪಿನಲ್ಲಿ ಘಟ್ಟ ಇಳಿದು ರೂಢಿಯಿರುವ ಚಾಲಕ ಎರಡನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿ ಇಳಿದರೂ ಎಂಜಿನ್ ಸುಮಾರು 3160 ಸುತ್ತು ಮಾತ್ರ ತಿರುಗುತ್ತಿರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಅದು ಸಹಜ. ಅದೇ ಜೀಪಿಗೆ 2400 ಸುತ್ತಿನ ಡೀಸೆಲ್ ಕೂರಿಸಿದ ಮೇಲೂ ಕೈಕಾಲಿನ ರೂಢಿ ಹಾಗೆಯೇ ಉಳಿದಿರುತ್ತದೆ. ಎರಡನೇ ಗೇರಿನಲ್ಲಿ 50 ಕಿ.ಮೀ. ಎಂದರೆ ಈಗ ಎಂಜಿನ್ ತನ್ನ ಮಿತಿಗಿಂತ 760 ಸುತ್ತು ಹೆಚ್ಚು ತಿರುಗುತ್ತಿದೆ ಎಂದರ್ಥ. ಗವರ್ನರ್ ಇದನ್ನು ತಡೆಯಲಾರದು. ಗವರ್ನರ್ ಡೀಸೆಲನ್ನು ಕಡಿತ ಮಾಡಬಲ್ಲದೇ ಹೊರತು, ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಅದರ ಕೈಯಲ್ಲಿ ಏನೂ ಇಲ್ಲ. ವಾಲ್ವ್ ಪಿಸ್ಟನ್ನಿಗೆ ತಾಗಬಹುದು, ರಾಡ್ ಮುರಿಯಬಹುದು. ಎಂಜಿನ್ ಹೀಗೆ ಕೈಕೊಟ್ಟಿತೆಂದರೆ ಅದರ ಹಿಡಿತವೂ ಹೋದಂತೆ.

ಎರಡರಲ್ಲಿ ಎಂಜಿನ್ ಅರಚುತ್ತದೆಂದು ಮೂರಕ್ಕೆ ಹಾಕಿದರೆ ಸುತ್ತು 2040ಕ್ಕೆ ಇಳಿಯುತ್ತದೆ, ಸದ್ದು ಅಡಗುತ್ತದೆ, ಆದರೆ ಹಿಡಿತ ಸಾಲದು. ಇನ್ನೊಂದು ವಿಷಯವೂ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲಿನ ವಿರುದ್ಧ ಪಿಸ್ಟನ್ ಎಳೆಯಬೇಕಾದ್ದರಿಂದ ಎಂಜಿನ್ ಗಾಡಿಯನ್ನು ತಡೆಹಿಡಿಯುತ್ತದೆ. ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಇಂತಹ ಬಾಗಿಲೇ ಇಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಆದ್ದರಿಂದ ‘ಡೀಸೆಲ್ ಎಂಜಿನ್ ಭಾರ, ಇಳಿಜಾರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ’ ಎಂಬ ನಂಬಿಕೆಯನ್ನು ಬಿಡಬೇಕು. ಉಳಿದದ್ದು ಹಳೆಯ ಡ್ರಮ್ ಬ್ರೇಕ್ ಒಂದೇ. ಹಿಂದೆ ತುಂಬಿದ ಟ್ರೇಲರ್ ಇದ್ದು, ಚಾರ್ಮಾಡಿಯಂತಹ ಇಳಿಜಾರಿನಲ್ಲಿ ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಬಂದರೆ ಡ್ರಮ್ ಕಾದು ಬ್ರೇಕ್ ಹಿಡಿಯದಂತಾಗುತ್ತದೆ.

ನಿಯಮ ಇಷ್ಟೇ. ಪ್ರತಿ ಗೇರಿನ ಗರಿಷ್ಠ ವೇಗವನ್ನು ನಿಮ್ಮ ಎಂಜಿನ್ನಿಗೆ ಲೆಕ್ಕ ಹಾಕಿ, ಡ್ಯಾಶ್ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿ. 2400 ಸುತ್ತಿನ ಎಂಜಿನ್ನಿಗೆ ಎರಡನೇ ಗೇರಿನಲ್ಲಿ 35 ಕಿ.ಮೀ. ಮೀರಬಾರದು. ಇಳಿಜಾರು ಶುರುವಾಗುವ ಮೊದಲೇ, ತಲೆಯ ಮೇಲಿನ ಸಮತಟ್ಟಿನಲ್ಲೇ, ಗೇರ್ ಹಾಕಿಕೊಳ್ಳಬೇಕು. ತೋಟದೊಳಗಿನ ಕಡಿದಾದ ಇಳಿಜಾರಿಗೆ ಟ್ರಾನ್ಸ್‌ಫರ್ ಕೇಸನ್ನು ಲೋ ಮಾಡಿಕೊಂಡೇ ಇಳಿಯಬೇಕು.

ಬಲದ ಹೊಂದಾಣಿಕೆ

ಡೀಸೆಲ್ಲಿನಿಂದ ಲಾಭವೂ ಇದೆ, ಅದನ್ನು ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಯೇ ಸಿ.ಜೆ.-5 ಜೀಪನ್ನು ಬೇಕಾದವರಿಗೆ ಪರ್ಕಿನ್ಸ್ 4-192 ಡೀಸೆಲ್ ಎಂಜಿನ್ನಿನೊಂದಿಗೆ ಮಾರಿತು. ಅದರ ಶಕ್ತಿ 3000 ಸುತ್ತಿನಲ್ಲಿ 62 ಅಶ್ವಶಕ್ತಿ, ಅಂದರೆ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ. ಆದರೆ ತಿರುಗುಬಲ 1350 ಸುತ್ತಿನಲ್ಲೇ ಸುಮಾರು 19.8 ಕಿಲೋಗ್ರಾಂ-ಮೀಟರ್, ಅಂದರೆ ಪೆಟ್ರೋಲಿನದಕ್ಕಿಂತ ಕಾಲು ಭಾಗ ಹೆಚ್ಚು.

ಜೀಪು, ಟ್ರೇಲರ್, ಹೊರೆ ಸೇರಿ 2000 ಕಿಲೋ ಇದೆ ಎನ್ನೋಣ. ಎಂಟಕ್ಕೆ ಒಂದರ ಏರಿನಲ್ಲಿ ಮೇಲೆ ಎಳೆಯಲು 250 ಕಿಲೋ ಬಲ ಬೇಕು. ಮಣ್ಣಿನ ದಾರಿಯಲ್ಲಿ ಉರುಳಲು ಇನ್ನೊಂದು 100 ಕಿಲೋ ಎಂದರೆ ಒಟ್ಟು 350. ಹಲ್ಲುಗಳ ನಡುವೆ ಹೋಗುವ ನಷ್ಟ ನೂರಕ್ಕೆ 15 ಎಂದು ಕಳೆದರೆ, ಎರಡನೇ ಗೇರಿನಲ್ಲಿ ಪೆಟ್ರೋಲ್ ಎಂಜಿನ್ ಚಕ್ರದಲ್ಲಿ ಕೊಡುವ ಎಳೆತ ಸುಮಾರು 320 ಕಿಲೋ, ಸಾಲದು. ಮೇಲಿನ ಡೀಸೆಲ್ ಅದೇ ಗೇರಿನಲ್ಲಿ 400 ಕಿಲೋ ಕೊಡುತ್ತದೆ. ಪೆಟ್ರೋಲ್ ಜೀಪು ಒಂದರಲ್ಲಿ ಏರುವ ಏರನ್ನು ಇದು ಎರಡರಲ್ಲಿ, ಗಂಟೆಗೆ 21 ಕಿ.ಮೀ. ವೇಗದಲ್ಲಿ ಏರುತ್ತದೆ. ಗವರ್ನರ್ 3000 ಸುತ್ತಿಗೆ ಇರುವುದರಿಂದ ಮೆಟ್ಟಿಲಿನ ತೊಂದರೆಯೂ ಇದಕ್ಕೆ ಕಡಿಮೆ. 3000ದಿಂದ ಬಿದ್ದರೂ 1660ರಲ್ಲಿ ನಿಲ್ಲುತ್ತದೆ.

ಈ ಹೆಚ್ಚಿನ ಬಲವನ್ನು ಹೊರುವವರು ಯಾರು? ಹಳೆಯ ಗೇರಿನ ಹಲ್ಲು, ಹಳೆಯ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಹಳೆಯ ಆಕ್ಸಲ್. ಒಂದನೇ ಗೇರ್ ಮತ್ತು ಲೋ ಸೇರಿದಾಗ ಒಟ್ಟು ಇಳಿತ 37 ಪಟ್ಟು. ಎಂಜಿನ್ನಿನ 15.8 ಆಗ 585 ಆಗುತ್ತಿದ್ದದ್ದು, ಡೀಸೆಲ್ಲಿನ 19.8 ಈಗ 733 ಆಗುತ್ತದೆ. ಸಾಲದ್ದಕ್ಕೆ ಡೀಸೆಲ್ಲಿನ ಬಲ ಒಂದೇ ಸಮನೆ ಹರಿಯುವುದಿಲ್ಲ, ಸುತ್ತಿಗೆಯ ಪೆಟ್ಟಿನಂತೆ ಬರುತ್ತದೆ. ಸುತ್ತು ಕಡಿಮೆಯಿರುವಾಗ ಪೆಟ್ಟು ಹೆಚ್ಚು. ಏರಿನಲ್ಲಿ ಎಂಜಿನ್ ಗುದ್ದುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯುವುದಕ್ಕಿಂತ ದೊಡ್ಡ ಶಿಕ್ಷೆ ಹಳೆಯ ಗೇರ್ ಬಾಕ್ಸಿಗೆ ಇನ್ನೊಂದಿಲ್ಲ.

ಇದಕ್ಕೆ ಮಾಡಬೇಕಾದ್ದು ಮೂರು. ಕ್ಲಚ್ ಪ್ಲೇಟಿನ ನಡುವಿನಲ್ಲಿ ಪೆಟ್ಟು ತಾಳುವ ಸ್ಪ್ರಿಂಗುಗಳು ಇರಲೇಬೇಕು. ಗಟ್ಟಿ ನಡುವಿನ ಪ್ಲೇಟ್ ಬೇಡ. ಗೇರ್ ಬಾಕ್ಸನ್ನು ಹೇಗೂ ಇಳಿಸಿರುವಾಗ ಬಿಚ್ಚಿಸಿ, ಬೇರಿಂಗ್ ಮತ್ತು ಹಲ್ಲು ನೋಡಿ, ಸವೆದದ್ದನ್ನು ಆಗಲೇ ಬದಲಿಸಿ. ಕೊನೆಯದಾಗಿ, ಮುಂದಿನ ಚಕ್ರಗಳನ್ನು ಸೇರಿಸದೆ ಲೋ ಬೀಳದಂತೆ ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದು ತಡೆ ಇದೆ. ಕೆಲವರು ಅನುಕೂಲಕ್ಕೆಂದು ಅದನ್ನು ತೆಗೆಸುತ್ತಾರೆ. ತೆಗೆದರೆ ಲೋದ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ. ಡೀಸೆಲ್ ಕೂರಿಸಿದ ಜೀಪಿನಲ್ಲಿ ಆ ತಡೆ ಸ್ವಸ್ಥಾನದಲ್ಲೇ ಇರಲಿ.

ನಡುವಿನ ಹೊಂದಾಣಿಕೆ

ಗೇರ್ ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟಿನ ತುದಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಗುಂಡಿಯಲ್ಲಿ ಕೂರುತ್ತದೆ. ಆ ಗುಂಡಿಯಲ್ಲಿರುವ ಸಣ್ಣ ಬುಶ್ ಅಥವಾ ಬೇರಿಂಗಿಗೆ ಪೈಲಟ್ ಎನ್ನುತ್ತಾರೆ. ಎರಡು ಶಾಫ್ಟುಗಳೂ ಒಂದೇ ಗೆರೆಯಲ್ಲಿ ಇರಬೇಕು. ಬೇರೆ ಎಂಜಿನ್ ಬಂದಾಗ ಈ ಗೆರೆಯನ್ನು ಕಾಯುವ ಜವಾಬ್ದಾರಿ ನಡುವಿನ ಅಡಾಪ್ಟರ್ ಪ್ಲೇಟಿನದು.

ಬೋಲ್ಟಿನ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರುವುದರಿಂದ ಬೋಲ್ಟು ಬಿಗಿಯಬಲ್ಲದು, ನಡು ಹಿಡಿಯಲಾರದು. ನಡು ಹಿಡಿಯುವುದು ಡವೆಲ್ ಪಿನ್ನುಗಳು. ಪ್ಲೇಟಿಗೆ ಎರಡೂ ಬದಿಯಲ್ಲಿ ಡವೆಲ್ ಇಲ್ಲದಿದ್ದರೆ ಆ ಪ್ಲೇಟನ್ನು ಒಪ್ಪಬೇಡಿ.

ಪರೀಕ್ಷೆ ಹೀಗೆ. ಗೇರ್ ಬಾಕ್ಸ್ ಇಲ್ಲದೆ ಬೆಲ್ ಹೌಸಿಂಗನ್ನು ಮಾತ್ರ ಎಂಜಿನ್ನಿಗೆ ಬಿಗಿಯಬೇಕು. ಡಯಲ್ ಗೇಜನ್ನು ಫ್ಲೈವೀಲಿಗೆ ಕೂರಿಸಿ, ಅದರ ಮುಳ್ಳನ್ನು ಬೆಲ್ ಹೌಸಿಂಗಿನ ನಡು ತೂತಿನ ಒಳ ಅಂಚಿಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಮುಳ್ಳಿನ ಒಟ್ಟು ಆಟ 0.13 ಮಿಲಿಮೀಟರ್ ಮೀರಬಾರದು. ಹಳಬರ ಲೆಕ್ಕದಲ್ಲಿ ಇದು ಇಂಚಿನ ಸಾವಿರದ ಐದು ಭಾಗ. ಮೀರಿದ್ದರೆ ಹೌಸಿಂಗನ್ನು ಸರಿಸಿ, ಮತ್ತೆ ನೋಡಿ, ಸರಿಯಾದ ಜಾಗದಲ್ಲಿ ಡವೆಲ್ ತೂತು ಕೊರೆಯಬೇಕು. ಹೌಸಿಂಗಿನ ಹಿಂಬದಿಯ ಮುಖವನ್ನೂ ಹೀಗೆಯೇ ನೋಡಬೇಕು. ಒಂದು ಗಂಟೆಯ ಕೆಲಸ. ಇದನ್ನು ಮಾಡದೆ ಕೂರಿಸಿದ ಗೇರ್ ಬಾಕ್ಸ್ ಮೂರನೇ ಗೇರಿನಿಂದ ತಾನಾಗಿ ಜಾರುವುದು, ಕ್ಲಚ್ ಪ್ಲೇಟಿನ ನಡು ಸೀಳುವುದು, ಪೈಲಟ್ ಬೇರಿಂಗ್ ಕೂಗುವುದು, ಮುಂದಿನ ಸೀಲಿನಿಂದ ಎಣ್ಣೆ ಸೋರುವುದು, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ.

ಪ್ಲೇಟಿನ ದಪ್ಪವೂ ಮನಬಂದಂತೆ ಇರಬಾರದು. ಪ್ಲೇಟ್ 20 ಮಿ.ಮೀ. ದಪ್ಪವಾದರೆ ಗೇರ್ ಬಾಕ್ಸಿನ ಶಾಫ್ಟ್ ಅಷ್ಟೇ ಹಿಂದೆ ಸರಿಯಿತು ಎಂದರ್ಥ. ತುದಿ ಪೈಲಟ್ಟಿನಲ್ಲಿ ಪೂರ್ತಿ ಕೂರದೆ ತೂಗಾಡುತ್ತದೆ. ಪ್ಲೇಟ್ ತೆಳುವಾದರೆ ಶಾಫ್ಟಿನ ತುದಿ ಕ್ರ್ಯಾಂಕಿನ ಗುಂಡಿಯ ತಳಕ್ಕೆ ಒತ್ತುತ್ತದೆ. ಬೋಲ್ಟು ಬಿಗಿಯುವ ಮೊದಲೇ ಎರಡೂ ಕಡೆ ಅಳತೆ ತೆಗೆದು ದಪ್ಪವನ್ನು ನಿಶ್ಚಯಿಸಬೇಕು. ವರ್ಕ್‌ಶಾಪಿನ ಮೂಲೆಯಲ್ಲಿ ಯಾವ ಪ್ಲೇಟ್ ಬಿದ್ದಿದೆ ಎಂಬುದರಿಂದಲ್ಲ.

ಕ್ಲಚ್, ಫ್ಲೈವೀಲ್ ಮತ್ತು ಶಾಫ್ಟ್

ಕ್ಲಚ್ ಪ್ಲೇಟಿನ ಹೊರ ಅಳತೆ ಎಂಜಿನ್ನಿನ ಫ್ಲೈವೀಲಿಗೆ ತಕ್ಕಂತೆ ಇರಬೇಕು, ನಡುವಿನ ಹಲ್ಲು ಗೇರ್ ಬಾಕ್ಸಿನ ಶಾಫ್ಟಿಗೆ ತಕ್ಕಂತೆ ಇರಬೇಕು. ಎರಡು ಬೇರೆ ವಾಹನಗಳ ಪ್ಲೇಟುಗಳನ್ನು ಸೇರಿಸಿ ಒಂದು ಮಾಡಿಸಬೇಕಾಗಿ ಬಂದರೆ ಈ ಕೆಲಸವನ್ನೇ ಮಾಡುವ ಅಂಗಡಿಯಲ್ಲಿ ಮಾಡಿಸಿ. ಹಳೆಯ ಪ್ಲೇಟಿನ ಧೂಳಿನಲ್ಲಿ ಕಲ್ನಾರು ಇರಬಹುದು. ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಡೀಸೆಲ್ ಎಂಜಿನ್ನಿನ ಫ್ಲೈವೀಲ್ ಭಾರ. ಅದನ್ನು ಬದಲಿಸಬಾರದು. ಭಾರ ಹೆಚ್ಚಾದ್ದರಿಂದ ಕ್ಲಚ್ ಒತ್ತಿದಾಗ ಎಂಜಿನ್ನಿನ ಸುತ್ತು ನಿಧಾನವಾಗಿ ಇಳಿಯುತ್ತದೆ. ಗೇರ್ ಏರಿಸುವಾಗ ನ್ಯೂಟ್ರಲ್‌ನಲ್ಲಿ ಒಂದು ಉಸಿರು ತಡೆದು ಹಾಕಬೇಕು. ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರಿಗೆ ಹಾಕುವ ಹಳೆಯ ಲಾರಿ ಚಾಲಕರ ಪದ್ಧತಿಯನ್ನು ಹುಡುಗರಿಗೆ ಕಲಿಸಬೇಕು.

ಎಂಜಿನ್ ಉದ್ದವಾಗಿ ಗೇರ್ ಬಾಕ್ಸ್ ಹಿಂದೆ ಸರಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ಮುಂದಿನದನ್ನು ಉದ್ದ ಮಾಡಬೇಕು. ಶಾಫ್ಟಿನ ಎರಡು ತುದಿಯ ಫೋರ್ಕುಗಳು ಒಂದೇ ನೇರಕ್ಕೆ ಇರಬೇಕು. ಎರಡು ತುದಿಯ ಕೋನಗಳೂ ಸಮವಾಗಿರಬೇಕು. ಬೆಸುಗೆಯ ನಂತರ ಬ್ಯಾಲೆನ್ಸ್ ಮಾಡಿಸಬೇಕು. ಬಹು ಹಳೆಯ ಜೀಪುಗಳಲ್ಲಿ 6 ವೋಲ್ಟಿನ ವಿದ್ಯುತ್ ವ್ಯವಸ್ಥೆ ಇದೆ. ಡೀಸೆಲ್ ಸ್ಟಾರ್ಟರಿಗೆ 12 ವೋಲ್ಟ್ ಬೇಕಾದ್ದರಿಂದ ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಯಾವ ದಾರಿ ಲೇಸು?

ಮೂರು ದಾರಿಗಳಿವೆ. ಒಂದು, ಮೂಲ ಎಂಜಿನ್ನಿನ ಸುತ್ತಿಗೆ ಹತ್ತಿರವಿರುವ ವೇಗದ ಡೀಸೆಲ್ ಆರಿಸಿ ಹಳೆಯ ಗೇರ್ ಬಾಕ್ಸನ್ನೇ ಉಳಿಸುವುದು. ಸಣ್ಣ ಬೆಳೆಗಾರರಿಗೆ ಇದು ಕಡಿಮೆ ತಾಪತ್ರಯದ ದಾರಿ.

ಎರಡು, ನಿಧಾನದ ಎಂಜಿನ್ನನ್ನು ಅದರದೇ ನಾಲ್ಕು ಅಥವಾ ಐದು ಗೇರಿನ ಪೆಟ್ಟಿಗೆ, ಕ್ಲಚ್, ಬೆಲ್ ಹೌಸಿಂಗ್ ಸಮೇತ ಕೊಳ್ಳುವುದು. ಆಗ ಮುಂದಿನ ನಡುವಿನ ಚಿಂತೆ ಇಲ್ಲ, ಮೆಟ್ಟಿಲುಗಳೂ ತಗ್ಗು. ಚಿಂತೆ ಹಿಂದಕ್ಕೆ ಹೋಗುತ್ತದೆ. ಜೀಪಿನ ಗೇರ್ ಬಾಕ್ಸಿನ ಹಿಂದಿನ ಶಾಫ್ಟ್ ನೇರವಾಗಿ ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗಿ ಗೇರನ್ನು ಹಿಡಿಯುತ್ತದೆ. ಬೇರೆ ಪೆಟ್ಟಿಗೆಗೆ ಅಲ್ಲಿ ಸರಿಯಾದ ಶಾಫ್ಟ್ ಮತ್ತು ಅಡಾಪ್ಟರ್ ಸಿಗುವುದು ಖಚಿತವಾದ ಮೇಲೆಯೇ ಈ ದಾರಿ ಹಿಡಿಯಿರಿ.

ಮೂರು, ಡಿಫರೆನ್ಷಿಯಲ್ ಅನುಪಾತ ಬದಲಿಸುವುದು. 5.38ರ ಬದಲು 4.88 ಹಾಕಿದರೆ 2400 ಸುತ್ತಿನ ಎಂಜಿನ್ನಿನ ಜೀಪು 59ರ ಬದಲು 65 ಕಿ.ಮೀ. ಓಡುತ್ತದೆ. ಆದರೆ ಎಲ್ಲ ಗೇರುಗಳೂ ಒಟ್ಟಿಗೆ ಸರಿಯುತ್ತವೆಯೇ ಹೊರತು ಮೆಟ್ಟಿಲಿನ ಎತ್ತರ ಹಾಗೆಯೇ ಉಳಿಯುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಒಂದೇ ಅನುಪಾತಕ್ಕೆ ಬದಲಿಸಲೇಬೇಕು. ಒಂದನ್ನು ಮಾತ್ರ ಬದಲಿಸಿ ನಾಲ್ಕು ಚಕ್ರ ಸೇರಿಸಿದರೆ ಮುಂದಿನದೂ ಹಿಂದಿನದೂ ಒಂದನ್ನೊಂದು ಜಗ್ಗಿ ಟ್ರಾನ್ಸ್‌ಫರ್ ಕೇಸನ್ನೇ ಮುರಿದಾವು. ದೊಡ್ಡ ಟಯರು ಹಾಕುವುದೂ ಇದೇ ಪರಿಣಾಮ ಕೊಡುತ್ತದೆ, ಆದರೆ ಬ್ರೇಕಿನ ಹಿಡಿತ ತಗ್ಗುತ್ತದೆ. ಆದ್ದರಿಂದ ಅದನ್ನು ನಾವು ಸಲಹೆ ಮಾಡುವುದಿಲ್ಲ.

ಕಾಗದ ಪತ್ರ

ನೋಂದಣಿ ಪುಸ್ತಕದಲ್ಲಿ ಎಂಜಿನ್ ಸಂಖ್ಯೆ, ಇಂಧನ ಎರಡೂ ನಮೂದಾಗಿವೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಈ ವಿವರಗಳು ಬದಲಾಗುವಂತೆ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. ಎಂಜಿನ್ ಇಳಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಯಾವುದಕ್ಕೆ ಒಪ್ಪಿಗೆ ಸಿಗುತ್ತದೆ ಎಂದು ತಿಳಿದುಕೊಳ್ಳಬೇಕು. ಒಪ್ಪಿಗೆ ಸಿಗದಿದ್ದರೆ ಮೂಲ ಎಂಜಿನ್ನನ್ನೇ ಬೋರ್ ಮಾಡಿಸಿ ಸರಿಪಡಿಸುವುದೇ ವಿವೇಕ. ದಾಖಲೆ ಸರಿಯಿಲ್ಲದ ಜೀಪಿನಲ್ಲಿ ಕೆಲಸದವರಿಗೆ ಪೆಟ್ಟಾದರೆ ವಿಮೆಯ ಹಣ ಕೈಗೆ ಬರುವ ಭರವಸೆ ಇಲ್ಲ. ಎಂಜಿನ್ ಕೊಂಡ ರಸೀದಿಯನ್ನು ಜೋಪಾನವಾಗಿಡಿ.

ಮುಂಗಡ ಕೊಡುವ ಮೊದಲು ಬರೆದುಕೊಳ್ಳಬೇಕಾದದ್ದು

1. ಹೊಸ ಎಂಜಿನ್ನಿನ ಗರಿಷ್ಠ ಸುತ್ತು, ಗರಿಷ್ಠ ತಿರುಗುಬಲ, ಅದು ದೊರೆಯುವ ಸುತ್ತು.
2. ಗೇರ್ ಬಾಕ್ಸಿನ ಪ್ರತಿ ಗೇರಿನ ಅನುಪಾತ, ಡಿಫರೆನ್ಷಿಯಲ್ ಅನುಪಾತ, ಟಯರಿನ ಸುತ್ತಳತೆ.
3. ಪ್ರತಿ ಗೇರಿನ ಗರಿಷ್ಠ ವೇಗ. ಒಂದರಿಂದ ಎರಡಕ್ಕೆ ಹಾಕಿದಾಗ ಬೀಳುವ ಸುತ್ತು. ಅದು ತಿರುಗುಬಲದ ಸುತ್ತಿಗಿಂತ ಕೆಳಗಿದ್ದರೆ ಆ ಜೋಡಿ ಬೇಡ.
4. ಶಾಫ್ಟಿನ ತುದಿಯ ದಪ್ಪ ಮತ್ತು ಉದ್ದ, ಪೈಲಟ್ ಗುಂಡಿಯ ಅಳತೆ, ಕ್ಲಚ್ ಹಲ್ಲಿನ ಎಣಿಕೆ.
5. ಡಯಲ್ ಗೇಜ್ ಪರೀಕ್ಷೆಯನ್ನು ನಿಮ್ಮೆದುರು ಮಾಡಿ ತೋರಿಸುವುದಾಗಿ ಮೆಕ್ಯಾನಿಕರ ಒಪ್ಪಿಗೆ.

ಕೆಲಸಕ್ಕೆ ಮಳೆಗಾಲವೇ ಒಳ್ಳೆಯ ಸಮಯ. ಅರೇಬಿಕಾ ಕೊಯ್ಲು ಶುರುವಾಗುವಷ್ಟರಲ್ಲಿ ಜೀಪು ಪಳಗಿರಬೇಕು. ಕೂರಿಸಿದ ಮೇಲೆ ಮೊದಲ ವಾರ ಟ್ರೇಲರ್ ಕಟ್ಟಬೇಡಿ. ಕ್ಲಚ್ ಪೆಡಲಿನಲ್ಲಿ ಎರಡರಿಂದ ಎರಡೂವರೆ ಸೆಂಟಿಮೀಟರ್ ಖಾಲಿ ಆಟ ಇದೆಯೇ ನೋಡಿ. ಗೇರ್ ಬಾಕ್ಸಿಗೆ ಜಿ.ಎಲ್.-4 ದರ್ಜೆಯ 90ರ ಎಣ್ಣೆ ಹಾಕಿ. ಕೆಲವು ಬಿರುಸಿನ ಎಣ್ಣೆಗಳು ಸಿಂಕ್ರೊಮೆಶ್‌ನ ಹಿತ್ತಾಳೆ ಬಳೆಗಳನ್ನು ತಿನ್ನುತ್ತವೆ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಬೆಲ್ ಹೌಸಿಂಗ್, ಎಂಜಿನ್ ಮೌಂಟ್, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಗೇರೆಣ್ಣೆಯನ್ನು ಬಿಳಿಯ ತಟ್ಟೆಗೆ ಇಳಿಸಿ ನೋಡಿ. ಲೋಹದ ಚೂರು ಕಂಡರೆ ಓಡಿಸುವುದನ್ನು ನಿಲ್ಲಿಸಿ, ಆ ತಟ್ಟೆಯನ್ನೇ ಮೆಕ್ಯಾನಿಕರ ಮುಂದೆ ಇಡಿ.